ಚಂಚಿಯ ಚುಕ್ಕೆ

ಜನವರಿ ಹತ್ತೊಂಬತ್ತು. ಬೆಳಗ್ಗೆ ಎಂಟರವರೆಗೆ ಮಂಜು, ಆಮೇಲೆ ಬಿಳಿ ಬಿಸಿಲು. ಗಾಳಿ ಇಲ್ಲ.

ಅಂಗಡಿಯ ವಹಿಯಲ್ಲಿ ದಿನಾಂಕ ಮತ್ತು ಹವೆ ಬರೆದು, ಅದರ ಕೆಳಗೆ ಅವತ್ತು ಮಾಡಿದ ಕೆಲಸ ಬರೆಯುವುದು ನನ್ನ ರೂಢಿ. ಆ ದಿನದ ಪುಟದಲ್ಲಿ ಹವೆಯ ಕೆಳಗೆ ಏನೂ ಇಲ್ಲ. ಏನೆಂದು ಬರೆಯಬೇಕೋ ತಿಳಿಯಲಿಲ್ಲ. ಇಲ್ಲಿ ಬರೆಯುತ್ತೇನೆ.

ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದೆ. ಈಗ ಟ್ರ್ಯಾಕ್ಟರ್ ಎಲ್ಲಿದೆ ಎಂದು ಹೇಳುವ ಡಬ್ಬಿ, ಯಾರಾದರೂ ಅಲುಗಾಡಿದರೆ ಫೋಟೊ ತೆಗೆಯುವ ಕ್ಯಾಮೆರಾ, ಮಣ್ಣಿನ ತೇವ ಅಳೆಯುವ ಸಲಾಕೆ, ಇಂಥವನ್ನು ಮಾರುತ್ತೇನೆ. ಒಂದು ಕಾಲಕ್ಕೆ ಹಡಗಿಗೂ ಸೈನ್ಯಕ್ಕೂ ಮಾತ್ರ ಇದ್ದ ವಿದ್ಯೆ ಈಗ ನನ್ನ ಗಾಜಿನ ಭರಣಿಯಲ್ಲಿ ಪೆಪ್ಪರಮಿಂಟಿನ ಪಕ್ಕ ಕೂತಿದೆ. ಗಿರಾಕಿ ಇಲ್ಲದಾಗ ಪುಸ್ತಕ ಓದುತ್ತೇನೆ. ಪುಸ್ತಕದಲ್ಲಿ ದೆವ್ವ ಅಪರೂಪ. ಅಂಗಡಿಗೆ ವಾರಕ್ಕೊಂದಾದರೂ ಬರುತ್ತದೆ. ಎಲ್ಲವನ್ನೂ ಬಲ್ಲ ಯಂತ್ರ, ಎಲ್ಲರನ್ನೂ ಬಲ್ಲ ಊರಿಗೆ ಹೋದರೆ ಹೀಗೇ ಏನಾದರೂ ಆಗುತ್ತಿರುತ್ತದೆ.

ಇದು ಟಿಕೋಟಾದ ಒಂದೇ ಮನೆಯ ಮಾತು. ಮದುವೆಯಾಗದೆ ಉಳಿದು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದ ಅಣ್ಣ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿರುವ ತಮ್ಮ. ಅವರಿಬ್ಬರ ತಾಯಿ, ಓಣಿಯೆಲ್ಲ ಆಕೆಯನ್ನು ಆಯಿ ಎನ್ನುತ್ತದೆ. ನಾನು ಯಾವಾಗ ಹೋದರೂ ಆಯಿಯ ತೊಡೆಯ ಮೇಲೆ ಹಳೆ ಸೀರೆಯ ತುಂಡುಗಳ ಕೌದಿ, ಕೈಯಲ್ಲಿ ಸೂಜಿ.

೧. ಬಾಯಾರಿದಾಕೆ

ಅಣ್ಣ ನನ್ನಿಂದ ಮೊದಲು ಒಯ್ದದ್ದು ಮಣ್ಣಿನ ಸಲಾಕೆ. ತೋಟದ ಮೂಲೆಯಲ್ಲಿ ಒಂದು ಕಂಬ, ಅದರ ಬುಡದಲ್ಲಿ ನೆಲಕ್ಕೆ ಚುಚ್ಚಿದ ಸಲಾಕೆ. ತೇವ ಕಡಿಮೆಯಾದರೆ ಅದು ತಾನೇ ಫೋನು ಮಾಡಿ ಹೆಣ್ಣುದನಿಯಲ್ಲಿ ಹೇಳುತ್ತದೆ: "ಇಲ್ಲಿ ನೀರಿಲ್ಲ. ದಯವಿಟ್ಟು ನೀರು ಕೊಡಿ."

ಅಣ್ಣ ಫೋನನ್ನು ಮನೆಯಲ್ಲೇ ಮರೆತು ಹೋಗುವವನು. ಎತ್ತಿದವಳು ಆಯಿ.

"ಯಾರವ್ವಾ ನೀ? ಯಾರ ಪೈಕಿ?" ಎಂದು ಕೇಳಿದಳಂತೆ. ಆ ಕಡೆಯಿಂದ, "ದಯವಿಟ್ಟು ನೀರು ಕೊಡಿ." ಅಷ್ಟೇ. ಮೂರು ದಿನ ಅದೇ ಹೊತ್ತಿಗೆ ಅದೇ ದನಿ.

ಕಂಬ ನೆಟ್ಟ ಆ ಮೂಲೆಯಲ್ಲಿ ಹಿಂದೆ ಒಂದು ಬಾವಿ ಇತ್ತು. ಅದನ್ನು ಯಾಕೆ ಮುಚ್ಚಿದರೆಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ. ನಾನೂ ಕೇಳಿಲ್ಲ.

ನಾಲ್ಕನೆಯ ದಿನದಿಂದ ಫೋನು ನಿಂತಿತು. ಯಂತ್ರ ಸುಮ್ಮನಿದೆ ಎಂದರೆ ತೇವ ಇದೆ ಎಂದುಕೊಂಡು ಅಣ್ಣ ತೋಟಕ್ಕೆ ನೀರು ಬಿಡಲಿಲ್ಲ. ಹತ್ತು ದಿನಕ್ಕೆ ಎಲೆ ಬಾಡಿದವು. ನನ್ನನ್ನು ಕರೆಸಿದ. ಹೋಗಿ ನೋಡಿದರೆ ತೋಟವೆಲ್ಲ ಬಿರುಕು ಬಿಟ್ಟಿದೆ, ಕಂಬದ ಬುಡ ಮಾತ್ರ ಕೆಸರು. ಕೆಸರಿನ ಅಂಚಿಗೆ ಒಂದು ಎಲೆಯ ಮೇಲೆ ಅರ್ಧ ರೊಟ್ಟಿ, ನಂಚಿಕೊಳ್ಳಲು ಚಿಟಿಕೆ ಶೇಂಗಾ ಹಿಂಡಿ.

"ಆಯಿ, ಇಲ್ಲಿ ನೀರ ಹಾಕಿದವ್ರು ಯಾರ್ರಿ?"

"ನಾನ. ದಿನಾ ಒಂದ ತಂಬಿಗಿ. ಬಾಯಾರಿದವ್ರು ಕೇಳಿದ್ರ ಇಲ್ಲ ಅನಬಾರ್ದು."

"ಅದು ಯಂತ್ರ ರೀ."

"ಇರವಲ್ದ್ಯಾಕ," ಎಂದಳು ಆಯಿ. "ನೀ ಹಚ್ಚಿ ಹೋದಿ, ಅದು ಮೂರ ದಿವಸ ಒದರೂದು ಬಿಡಲಿಲ್ಲ. ನಾ ಒಂದ ತಂಬಿಗ್ಯಾಗ ಬಾಯಿ ಮುಚ್ಚಿಸಿದ್ನಿ."

೨. ಶೆಡ್ಡಿನೊಳಗಿನ ಮನುಷ್ಯ

ಮರುವರ್ಷ ಒಣದ್ರಾಕ್ಷಿಯ ಶೆಡ್ಡಿಗೆ ಕ್ಯಾಮೆರಾ ಹಾಕಿಸಿದರು. ಬೆಕ್ಕು, ನಾಯಿ, ಹಕ್ಕಿ ಬಂದರೆ ಅದು ಸುಮ್ಮನಿರುತ್ತದೆ. ಮನುಷ್ಯರು ಕಂಡರೆ ಮಾತ್ರ ತಮ್ಮನ ಫೋನಿಗೆ ಸುದ್ದಿ: "ಒಬ್ಬ ವ್ಯಕ್ತಿ ಕಂಡುಬಂದಿದ್ದಾರೆ."

ಹಾಕಿದ ವಾರದಲ್ಲೇ ಸಂಜೆ ಐದಕ್ಕೆ ಸುದ್ದಿ ಬರತೊಡಗಿತು. ತಮ್ಮ ಓಡಿಹೋಗಿ ನೋಡಿದರೆ ಯಾರೂ ಇಲ್ಲ. ಅವನು ಹೋಗುವ ಹೊತ್ತಿಗೆ ಅಣ್ಣ ಎದುರಿಗೆ ಬರುತ್ತಿರುತ್ತಾನೆ. "ಒಳಗ ಯಾರರ ಇದ್ರೇನು?" ಎಂದರೆ, "ಇಲ್ಲಲ್ಲ. ಮುಂಜಾನಿಂದ ನಾ ಒಬ್ಬನ ಕುಂತೇನಿ."

ತಮ್ಮ ನನ್ನ ಹತ್ತಿರ ಚಿತ್ರ ತಂದ. ದ್ರಾಕ್ಷಿ ಒಣಹಾಕುವ ಪರದೆಗಳ ನಡುವೆ, ನೆಲಕ್ಕೆ ಕಾಲು ತಾಗದ ಹಾಗೆ, ಕರಿಯದೇನೋ ನಿಂತಿದೆ. ಹೆಗಲಿದೆ, ತೋಳಿದೆ, ತಲೆ ಇಲ್ಲ. ನಾನು ಚಿತ್ರ ದೊಡ್ಡದು ಮಾಡಿದೆ. ಎರಡನೆಯ ಗುಂಡಿ ಹಿತ್ತಾಳೆಯದು, ಉಳಿದವು ಕರಿಯವು.

ಅದು ಅಣ್ಣನ ಕೋಟು. ಸೆಕೆಗೆ ಬಿಚ್ಚಿ ಗಳಕ್ಕೆ ತೂಗುಹಾಕಿ ಮರೆತುಬಿಡುತ್ತಿದ್ದ. ಐದು ಗಂಟೆಗೆ ಪಡುವಣ ಗಾಳಿ ಎದ್ದಾಗ ಅದು ಕೈ ಆಡಿಸುತ್ತಿತ್ತು.

ವಿಷಯ ತಿಳಿದು ಅಣ್ಣನಿಗೆ ಬೇಸರವಾಯಿತು. ಎಲೆ ಅಡಿಕೆ ಮೆಲ್ಲುತ್ತ ದಿನವೆಲ್ಲ ಅಲುಗದೆ ಅದೇ ಶೆಡ್ಡಿನಲ್ಲಿ ಕೂತಿರುತ್ತಿದ್ದವನು ಅವನು.

"ವಾರಗಟ್ಟಲೆ ಅದರ ಮುಂದ ಕುಂತೇನಿ, ಒಮ್ಮಿನೂ ನನ್ನ ಮನಷ್ಯಾ ಅನಲಿಲ್ಲ," ಎಂದ. "ಕೋಟಿಗೆ ಅಂತು."

೩. ಹಲ್ಲಿನಲ್ಲಿ ಕೂಗಿದ್ದು

ಕೋಟಿನಂತೆಯೇ ಅವನು ಎಲೆ ಅಡಿಕೆ ಇಡುವ ಬಟ್ಟೆಯ ಚಂಚಿಯನ್ನೂ ಎಲ್ಲೆಂದರಲ್ಲಿ ಬಿಟ್ಟು ಬರುತ್ತಿದ್ದ. ಹೋದ ದೀಪಾವಳಿಯ ಮುಂದೆ ಬಂದು, ಕಳೆದದ್ದನ್ನು ಹುಡುಕಿಕೊಡುವ ಬಿಲ್ಲೆ ಬೇಕೆಂದ. ಅದು ರೂಪಾಯಿಗಿಂತ ಸ್ವಲ್ಪ ದೊಡ್ಡದು. ಅದರ ಹತ್ತಿರ ಯಾರದಾದರೂ ಒಳ್ಳೆ ಫೋನು ಹಾದುಹೋದರೆ ಸಾಕು, ಬಿಲ್ಲೆ ಎಲ್ಲಿದೆ ಎಂದು ಒಡೆಯನ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕೆ ಕಾಣುತ್ತದೆ. ಒತ್ತಿದರೆ ಬಿಲ್ಲೆ ಕೂಗುತ್ತದೆ. ಅಣ್ಣನ ಫೋನು ಮನೆಯಲ್ಲೇ ಇರುವುದರಿಂದ ಚುಕ್ಕೆಯನ್ನು ತಮ್ಮನ ಫೋನಿಗೆ ಹಾಕಿಕೊಟ್ಟೆ. ಬಿಲ್ಲೆಯನ್ನು ಚಂಚಿಯಲ್ಲಿ ಸುಣ್ಣದ ಡಬ್ಬಿಗೆ ದಾರದಿಂದ ಕಟ್ಟಿದೆ.

ಸುಣ್ಣ ತೆಗೆಯುವಾಗ ಡಬ್ಬಿಯ ಮುಚ್ಚಳವನ್ನು ಹಲ್ಲಿನಲ್ಲಿ ಹಿಡಿಯುವುದು ಅವನ ರೂಢಿ. ಒಂದು ದಿನ ಬಬಲೇಶ್ವರದಲ್ಲಿ ಯಾರದೋ ಮನೆಗೆ ಮಾತಾಡಿಸಲು ಹೋಗಿದ್ದಾನೆ. ಆ ಮನೆಯಲ್ಲಿ ಸಾವಾಗಿದೆ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ. ಇವನು ಮೆಲ್ಲಗೆ ಚಂಚಿ ಬಿಚ್ಚಿ, ಮುಚ್ಚಳವೆಂದು ಬಿಲ್ಲೆಯನ್ನು ಕಚ್ಚಿ ಹಿಡಿದಿದ್ದಾನೆ. ಟಿಕೋಟಾದಲ್ಲಿ ತಮ್ಮ ಅದೇ ಹೊತ್ತಿಗೆ, ಅಣ್ಣ ಚಂಚಿ ಒಯ್ದನೋ ಮರೆತನೋ ಎಂದು ಚುಕ್ಕೆ ನೋಡಿ, ಕೈ ತಪ್ಪಿ ಕೂಗುವ ಗುಂಡಿ ಒತ್ತಿದ್ದಾನೆ.

ಅಣ್ಣನ ಬಾಯಿಯೊಳಗಿಂದ ಬಿಲ್ಲೆ ಹಕ್ಕಿಯ ಹಾಗೆ ಕೂಗಿತು. ಅವನು ಬೆಚ್ಚಿ ತುಟಿ ಬಿಗಿದ. ಕೂಗು ಮೂಗಿನಿಂದ ಬಂತು. ಅಲ್ಲಿದ್ದ ಹಿರಿಯರೊಬ್ಬರು ಸತ್ತವರ ಫೋಟೊ ನೋಡಿ, ಅಣ್ಣನನ್ನು ನೋಡಿ, ಕೈ ಮುಗಿದು, "ಏನ ಹೇಳೂದೈತೋ ಸಾವಕಾಶ ಹೇಳಪ್ಪಾ," ಎಂದರಂತೆ.

೪. ಮಣ್ಣಿಗೆ ಹೋಗುವವನು

ಡಿಸೆಂಬರಿನಲ್ಲಿ ಅಣ್ಣ ತೀರಿಕೊಂಡ. ತೋಟದಿಂದ ಬಂದು, ಕಟ್ಟೆಯ ಮೇಲೆ ಕೂತು, ಹಾಗೇ. ಊರ ಅಂಚಿನ ರುದ್ರಭೂಮಿಯಲ್ಲಿ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಚಂಚಿಯನ್ನು ತೊಡೆಯ ಮೇಲೆ ಇಟ್ಟರು. ನಾನು ಜನರ ಹಿಂದೆ ನಿಂತಿದ್ದೆ. ಚಂಚಿಯೊಳಗೆ ಬಿಲ್ಲೆ ಇದೆ ಎಂದು ನೆನಪಾಯಿತು, ಹೇಳಲಿಲ್ಲ.

ಅದಕ್ಕೆ ಮೊದಲು ಮನೆಯಿಂದ ಹೊರಡುವಾಗ ಆಯಿ ಒಂದೇ ಮಾತು ಹೇಳಿದ್ದಳು. "ಥಂಡಿ ಭಾಳ ಐತಿ. ಅವಗ ಕೋಟ ಹಾಕಿ ಕುಂದ್ರಸ್ರಿ." ಹೊಳ್ಳಿ ಬಂದ ಮೇಲೆ ತಮ್ಮನನ್ನು ಕೇಳಿದಳು, "ಹಾಕಿದ್ರಿ?" ತಮ್ಮ, "ಹಾಕೀವಿ ಯವ್ವಾ," ಎಂದ.

ಹನ್ನೆರಡನೆಯ ದಿನ ತಮ್ಮನ ಫೋನು ಬಂತು.

"ಸಾವಕಾರ್ರ, ಅಣ್ಣ ತೊರವಿಗೆ ಹೋಗ್ಯಾನ್ರಿ."

"ಯಾರು ಹೇಳಿದರು?" ಎಂದೆ.

"ಚುಕ್ಕಿ ತೊರವ್ಯಾಗೈತಿ. ಮುಂಜಾನೆ ಏಳಕ್ಕ ಹೊಂಟಾನ."

ಆರಡಿ ಮಣ್ಣಿನ ಕೆಳಗಿಂದ ಬಿಲ್ಲೆಯ ದನಿ ಮೇಲೆ ಬರುವುದೇ ಕಷ್ಟ, ನಡೆಯುವುದಂತೂ ಸಾಧ್ಯವಿಲ್ಲ ಎಂದೆ. "ಹಂಗಾರ ನಡ್ಯಾಕತ್ತಾನಲ್ರಿ?" ಎಂದ. ರುದ್ರಭೂಮಿಗೆ ಹೋಗಿ ನೋಡಿದ್ದ. ಮೇಲಿನ ಕಲ್ಲು ಇಟ್ಟಲ್ಲೇ ಇತ್ತು. ಮಧ್ಯಾಹ್ನ ಚುಕ್ಕೆ ರುದ್ರಭೂಮಿಗೆ ಹೊಳ್ಳಿ ಬಂತು. ಅದಾದ ಒಂದು ತಾಸಿಗೆ ತೊರವಿಯಿಂದ ಸುದ್ದಿ: ಅವರ ದೂರದ ನೆಂಟರ ಪೈಕಿ ಮುದುಕರೊಬ್ಬರು ಹೋದರು.

ಎಂಟು ದಿನಕ್ಕೆ ಚುಕ್ಕೆ ಸಾರವಾಡಕ್ಕೆ ಹೋಯಿತು. ಸಂಜೆ ಅಲ್ಲಿಂದಲೂ ಅಂಥದೇ ಸುದ್ದಿ. ಸಂಕ್ರಾಂತಿಯ ಹಿಂದಿನ ದಿನ ಬಬಲೇಶ್ವರ. ಪ್ರತಿ ಸಲವೂ ಮೊದಲು ಚುಕ್ಕೆ, ಆಮೇಲೆ ಸುದ್ದಿ. ಕೆಲಸ ಮುಗಿಸಿ ಚುಕ್ಕೆ ರುದ್ರಭೂಮಿಗೆ ಬಂದು ಸುಮ್ಮನೆ ಕೂರುತ್ತದೆ.

ಸಂಕ್ರಾಂತಿಗೆ ಆಯಿಗೆ ಜ್ವರ ಬಂತು, ಕೆಮ್ಮು ಎದೆಗಿಳಿಯಿತು. ಡಾಕ್ಟರು ಔಷಧ ಕೊಟ್ಟು, ವಯಸ್ಸು ನೋಡ್ರಿ ಎಂದರು. ಅಂದಿನಿಂದ ತಮ್ಮ ಮಲಗಲಿಲ್ಲ. ಚುಕ್ಕೆ ಮನೆಯ ಓಣಿಗೆ ಬರಬಾರದು, ಅವನಿಗೆ ಬೇಕಾದದ್ದು ಅಷ್ಟೇ. ಅಂಗಡಿಗೆ ಬಂದು ಫೋನು ನನ್ನ ಮುಂದಿಟ್ಟ.

"ಇದನ್ನ ಬಂದ್ ಮಾಡಾಕ ಬರತದನ್ರಿ?"

"ಫೋನಿನಿಂದ ತೆಗೆಯಬಹುದು."

"ತಗದ್ರ ಎಲ್ಲಿ ಅದಾನಂತ ಗೊತ್ತಾಗಂಗಿಲ್ಲಲ್ಲ." ಫೋನನ್ನು ಹಿಂದಕ್ಕೆ ಎಳೆದುಕೊಂಡ. "ಸೆಲ್ ಎಷ್ಟ ದಿವಸ ಬರತದ?"

"ಒಂದು ವರ್ಷ."

ಅವನು ಬೆರಳು ಮಡಿಚಿ ಏನೋ ಎಣಿಸಿದ. "ಎಂಟ ದಿವಸಕ್ಕೊಂದರಂಗ," ಎಂದ. ಆಮೇಲೆ ತುಸು ಹೊತ್ತು ರಸ್ತೆ ನೋಡಿ, "ಜೀವಂತ ಇದ್ದಾಗ ಅಂವ ಯಾರ ಮಣ್ಣಿಗೂ ಹೋಗ್ತಿರಲಿಲ್ರಿ. ಅಪ್ಪಿತಪ್ಪಿ ಒಬ್ಬರ ಮನಿಗೆ ಮಾತಾಡ್ಸಾಕ ಹೋಗಿದ್ದ. ಈಗ ಒಂದನ್ನೂ ತಪ್ಪಸವಲ್ಲ."

೫. ಜೊತೆಗಾರ

ಜನವರಿ ಹತ್ತೊಂಬತ್ತಕ್ಕೆ ಬಂದೆ. ಮಂಜು ಆಗಷ್ಟೇ ಕರಗಿತ್ತು. ಹವೆ ಬರೆದು ಪೆನ್ನು ಇಡುವಷ್ಟರಲ್ಲಿ ಫೋನು.

"ಸಾವಕಾರ್ರ, ಆರಾಮ ಅದೀರಿಲ್ಲ?" ತಮ್ಮನ ದನಿ ತೀರ ಸಣ್ಣಗಿತ್ತು.

"ಆರಾಮ. ಆಯಿ?"

"ಜ್ವರಾ ಏರೇದ. ಅದಲ್ರಿ. ಎದಿ ಗಿದಿ ನೋವು ಏನಿಲ್ಲಲ್ಲ ನಿಮಗ?"

"ಇಲ್ಲ. ಯಾಕೆ?"

"ಅಣ್ಣ ಸೊಲ್ಲಾಪುರ ರಸ್ತೆದಾಗ ಅದಾನ್ರಿ. ನಿಮ್ಮ ಅಂಗಡ್ಯಾಗ."

ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಗಿರಾಕಿಯ ಕುರ್ಚಿ ಖಾಲಿ ಇತ್ತು. ಅದನ್ನು ಎರಡನೆಯ ಸಲ ನೋಡಿದೆ, ಆಗಲೂ ಖಾಲಿ ಇತ್ತು. ಅಷ್ಟರಲ್ಲಿ ಬಾಗಿಲ ಬೆಳಕು ಕಡಿಮೆಯಾಯಿತು. ಕರಿ ಕೋಟು. ಎರಡನೆಯ ಗುಂಡಿ ಹಿತ್ತಾಳೆಯದು. ನನ್ನ ಕೈಯಿಂದ ಫೋನು ಜಾರಿ ಕೆಳಗೆ ಬಿದ್ದು ಕಟ್ಟಾಯಿತು.

"ಒಳಗ ಬರಲೇನ್ರಿ?" ಎಂದ ಕೋಟು ತೊಟ್ಟವನು. ಮುಖ ಬೇರೆ. ಟಿಕೋಟಾದಲ್ಲಿ ಕುಣಿ ತೋಡುವವನು, ರುದ್ರಭೂಮಿಯ ಗೋಡೆಗೆ ಹತ್ತಿಯೇ ಅವನ ಮನೆ. ಅಣ್ಣನ ಮಣ್ಣಿನ ದಿನ ನೋಡಿದ್ದೆ. ಕೂರಿಸಿ ಮಣ್ಣು ಮಾಡುವ ಕುಣಿಯನ್ನು ಅಳತೆಯಂತೆ ತೋಡಬಲ್ಲವರು ಈಗ ಕಡಿಮೆ. ಸುತ್ತಿನ ಊರುಗಳಿಂದ ಅವನಿಗೇ ಕರೆ ಬರುತ್ತದೆ. ನೆಂಟರಿಗಿಂತ ಮೊದಲು ಅವನಿಗೆ ಬರುತ್ತದೆ. ಕುಣಿ ಆಗುವುದಕ್ಕೆ ಹೊತ್ತು ಹಿಡಿಯುತ್ತದಲ್ಲ.

ಅವನು ಫೋನು ತೋರಿಸಿದ. ಪರದೆಯ ಮೇಲೆ ಬರೆದಿತ್ತು: "ಅಪರಿಚಿತ ವಸ್ತುವೊಂದು ನಿಮ್ಮ ಜೊತೆ ಸಂಚರಿಸುತ್ತಿದೆ." ಬೇರೆಯವರ ಬಿಲ್ಲೆ ನಮ್ಮ ಹಿಂದೆ ಬಿದ್ದರೆ ಫೋನು ಹೀಗೆ ಎಚ್ಚರಿಸುತ್ತದೆ.

"ತಿಂಗಳಾತ್ರಿ. ತೊರವಿಗೆ ಹೋದೆ, ಬಂತು. ಸಾರವಾಡಕ್ಕ ಹೋದೆ, ಬಂತು. ಜೋಡಿ ಯಾರೋ ಅದಾರಂತ. ನನಗೇನ ಹೊಸಾದಲ್ಲ ಬಿಡ್ರಿ, ನಮ್ಮ ಕೆಲಸದಾಗ ಜೋಡಿ ಯಾರರ ಇರತಾರ." ದನಿ ತಗ್ಗಿಸಿದ. "ಆದ್ರ ಅದು ಫೋನಿಗಿ ಹೆಂಗ ಗೊತ್ತಾತು ಅಂತೇನಿ."

ನಾನು ಅವನ ಫೋನಿನಲ್ಲೇ ಕೂಗುವ ಗುಂಡಿ ಒತ್ತಿದೆ. ಕೋಟಿನ ಎಡ ಮಗ್ಗುಲು ಹಕ್ಕಿಯ ಹಾಗೆ ಕೂಗಿತು. ಕುಣಿ ತೋಡುವವನು ಕದಲಲಿಲ್ಲ. ಕಣ್ಣಷ್ಟೇ ಕೆಳಗಿಳಿಸಿ ತನ್ನ ಮಗ್ಗುಲನ್ನು ನೋಡಿದ. ಅಸ್ತರಿನೊಳಗೆ ಬೆರಳು ಹಾಕಿದೆ. ಬಿಲ್ಲೆ ಅಲ್ಲಿತ್ತು, ಸುತ್ತ ಸಣ್ಣ ಸಣ್ಣ ಹೊಲಿಗೆ.

"ಈ ಕೋಟು ನಿನಗೆ ಹೇಗೆ ಬಂತು?"

"ಕೊಟ್ಟಿದ್ರಿ. ಈ ಕೆಲಸಕ್ಕ ನಾ ರೊಕ್ಕ ಮುಟ್ಟಂಗಿಲ್ಲ. ಹೋದವ್ರು ತೊಟ್ಟದ್ದೋ ಹೊದ್ದದ್ದೋ ಒಂದ ಅರಿವಿ ತಗೋತೇನಿ, ನಮ್ಮಪ್ಪನ ಕಾಲದಿಂದ ಹಂಗ. ಹೊಲಿಗಿ ಹಾಕಿದ ಅರಿವಿ ಕುಣಿಯೊಳಗ ಬ್ಯಾಡ ಅಂದ್ರು ಹಿರ್ಯಾರು. ತಮ್ಮನೋರು ಇದನ್ನ ನನಗ ಕೊಟ್ರು." ಹಿತ್ತಾಳೆ ಗುಂಡಿ ಹಿಡಿದು ತಿರುಗಿಸಿದ. "'ಯವ್ವಗ ಮಾತ್ರ ಹೇಳಬ್ಯಾಡ' ಅಂದಾರ."

ತಮ್ಮನಿಗೆ ಫೋನು ಹಚ್ಚಿದೆ. ಹತ್ತು ಸಲ ಹಚ್ಚಿದರೂ ಯಾರ ಜೊತೆಗೋ ಮಾತಿನಲ್ಲಿದ್ದ. ಆಯಿಯ ಜ್ವರದ ಸುದ್ದಿ ನೆಂಟರಿಗೆ ಹೇಳುತ್ತಿದ್ದನಂತೆ. ಹೋಗಿ ಹೇಳುವುದೇ ಸರಿ ಎಂದು ಕುಣಿ ತೋಡುವವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಂಗಡಿ ಮುಚ್ಚಿದೆ. ಕೋಟು ಬಿಚ್ಚಿ ಕೈಯಲ್ಲಿ ಹಿಡಿ ಎಂದು ಹೇಳುವುದು ನನಗೆ ಹೊಳೆಯಲಿಲ್ಲ. ಪುಸ್ತಕ ಓದುವವರಿಗೆ ಇಂಥವು ತಡವಾಗಿ ಹೊಳೆಯುತ್ತವೆ.

೬. ಬಾಗಿಲಲ್ಲಿ

ಆ ಮನೆಯೊಳಗೆ ಏನು ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಚುಕ್ಕೆ ನನ್ನ ಅಂಗಡಿಯಲ್ಲಿ ಅರ್ಧ ತಾಸು ನಿಂತದ್ದನ್ನು ತಮ್ಮ ನೋಡಿದ್ದ. ಅಂಗಡಿಯ ಫೋನು ಕಟ್ಟಾದದ್ದೂ ಗೊತ್ತಿತ್ತು. ನನ್ನ ಕಥೆ ಮುಗಿಯಿತೆಂದು ಕಣ್ಣೊರೆಸಿಕೊಂಡ. ಆಮೇಲೆ ಚುಕ್ಕೆ ಹೊರಟಿತು. ತೊರವಿ ದಾಟಿತು. ಟಿಕೋಟಾ ಮುಟ್ಟಿತು. ರುದ್ರಭೂಮಿಯ ಕಡೆಗೆ ತಿರುಗಲಿಲ್ಲ. ಬಸ್ ಸ್ಟ್ಯಾಂಡು, ಕಿರಾಣಿ ಅಂಗಡಿ, ಅವರ ಓಣಿ. ಆಯಿಯನ್ನು ನೋಡಲು ಬಂದ ನೆಂಟರೆಲ್ಲ ಅವನ ಹಿಂದೆ ನಿಂತು ಫೋನನ್ನೇ ನೋಡುತ್ತಿದ್ದರು. ಚುಕ್ಕೆ ಅವರ ಬಾಗಿಲಲ್ಲಿ ನಿಂತಿತು.

ಬೈಕಿಗೆ ಸ್ಟ್ಯಾಂಡು ಹಾಕುತ್ತ ನಾನು ಹಿಂದೆ ಉಳಿದೆ. ಕುಣಿ ತೋಡುವವನು ಬಾಗಿಲು ದೂಡಿ ಹೊಸ್ತಿಲಲ್ಲಿ ನಿಂತ. ಹೊರಗಿನ ಬಿಳಿ ಬಿಸಿಲು ಬೆನ್ನಿಗಿತ್ತು. ಒಳಗಿನವರಿಗೆ ಮುಖ ಕಾಣುವಂತಿರಲಿಲ್ಲ, ಕೋಟು ಕಾಣುತ್ತಿತ್ತು.

ಮಂಚದ ಮೇಲೆ ಆಯಿ ತಲೆ ಎತ್ತಿ ಕಣ್ಣು ಕಿರಿದು ಮಾಡಿ ನೋಡಿದಳು.

"ಬಂದ್ಯಾ?" ಎಂದಳು. "ಏನ ಮರತ ಹೋಗಿದ್ದಿ?"

ಸಾರವಾಡದಿಂದ ಬಂದಿದ್ದ ನೆಂಟರೊಬ್ಬರು ಕಂಬ ಹಿಡಿದುಕೊಂಡು ಮೆಲ್ಲಗೆ ಕೂತರು.

"ನಾ ಅಂವ ಅಲ್ರಿ ಆಯಿ," ಎಂದ ಬಾಗಿಲಲ್ಲಿದ್ದವನು, ರುಮಾಲು ತೆಗೆದು. "ನಾ ಕುಣಿ ತೋಡಾಂವ."

ಆಯಿ ಸ್ವಲ್ಪ ಹೊತ್ತು ಯೋಚಿಸಿ ತಲೆಯನ್ನು ದಿಂಬಿಗೆ ಹಚ್ಚಿದಳು. "ಇಷ್ಟ ಲಗೂನ? ಇನ್ನಾ ಚಾ ಕುಡದಿಲ್ಲೋ ನಾ."

ಆಗ ನಾನು ಒಳಗೆ ಹೋದೆ. ತಮ್ಮ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. "ನೀವೂ ಅವನ ಜೋಡಿನ ಬಂದ್ರೇನ್ರಿ?" ಎಂದ.

ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ. ಕೋಟನ್ನು ಕೂಗಿಸಿ ತೋರಿಸಿದೆ. ಚುಕ್ಕೆ ಮೊದಲು ಹೋಗಿ ಸುದ್ದಿ ಆಮೇಲೆ ಬಂದದ್ದು ಯಾಕೆಂದು ತಮ್ಮನಿಗೆ ಅರ್ಥವಾದಾಗ ಅವನು ಗೋಡೆಗೆ ಒರಗಿ ನಗತೊಡಗಿದ, ನಗುತ್ತ ನಗುತ್ತ ಮುಖ ಮುಚ್ಚಿಕೊಂಡ.

"ಚಂಚ್ಯಾಗಿದ್ದ ಬಿಲ್ಲಿ ಕೋಟಿನಾಗ ಹೆಂಗ ಬಂತು?" ಎಂದು ಸಾರವಾಡದವರು ಕೇಳಿದರು.

"ನಾ ಹೊಲದಿದ್ನಿ," ಎಂದಳು ಆಯಿ. "ಬಬಲೇಶ್ವರದಾಗ ಹಲ್ಲಾಗ ಕೂಗಿತಂತಲ್ಲ, ಅವತ್ತ ಬಿಚ್ಚಿ ಅಸ್ತರದಾಗ ಹೊಲದೆ. ಚಂಚಿ ಹೋದ್ರ ಮತ್ತೊಂದ ಬರತದ. ಕೋಟ ಇಲ್ಲಂದ್ರ ಅವಗ ಥಂಡಿ."

"ನಮಗ್ಯಾಕ ಹೇಳಲಿಲ್ಲ ಯವ್ವಾ?"

"ನೀವ್ಯಾರರ ಕೇಳಿದ್ರೇನು? ಫೋನ್ ನೋಡ್ಕೋತ ಕುಂತ್ರಿ."

ತಮ್ಮನ ಹೆಂಡತಿ ಚಹಾ ತಂದಳು. ಆಯಿ ಎದ್ದು ಕೂತು ಎರಡು ಗುಟುಕು ಕುಡಿದಳು. ಬಟ್ಟಲು ಕೆಳಗಿಟ್ಟು ಕೋಟಿನ ಕಡೆ ನೋಡಿದಳು, ಆಮೇಲೆ ಮಗನ ಕಡೆ. ಅವನ ನಗು ನಿಂತಿತು.

"ಅವಗ ಹಾಕೀವಿ ಅಂದಿದ್ದಿ."

"ಹೊಲಿಗಿ ಹಾಕಿದ ಅರಿವಿ ಬ್ಯಾಡಂದ್ರು ಹಿರ್ಯಾರು. ನಿನಗ ಹೆಂಗ ಹೇಳೂದಂತ..."

"ಕುಣಿ ತೋಡಿದವಗ ಏನ ಕೊಟ್ಟಿ?"

ತಮ್ಮ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಉತ್ತರ ಹೇಳಿದವನು ಕುಣಿ ತೋಡುವವನೇ. ಕೋಟಿನ ಎರಡೂ ಅಂಚು ಹಿಡಿದು, "ಇದನ್ರಿ ಆಯಿ, ಕೊಟ್ಟದ್ದು," ಎಂದ. "ಬೇಕಂದ್ರ ಬಿಚ್ಚಿ ಕೊಡತೇನಿ."

ಆಯಿ ಅವನನ್ನು ಹತ್ತಿರ ಕರೆದಳು. ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು. ಎಷ್ಟೋ ಹೊತ್ತು ಬಿಡಲಿಲ್ಲ.

"ಬೆಚ್ಚಗ ಐತೇನು?"

"ಐತ್ರಿ."

"ಇರಲಿ. ತೊಟ್ಗೋ." ಬಟ್ಟೆ ಬಿಟ್ಟು, ತೊಡೆಯ ಮೇಲಿನ ಕೌದಿಯನ್ನು ಎದೆಯವರೆಗೆ ಎಳೆದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆದ್ರ ಇದರ ಮ್ಯಾಲ ಈಗ ಕಣ್ಣ ಹಾಕಬ್ಯಾಡ. ಇನ್ನಾ ಅರ್ಧಾ ಹೊಲಿಯೂದೈತಿ."